ಫ್ಯೂಯಲ್ ಕೂಲಿಂಗ್ ಸರ್ಕ್ಯೂಟ್‌ನಲ್ಲಿ ಪವರ್ಡ್ ಟೆಸ್ಟರ್: ಎಲ್ಲಿ ಉಪಯೋಗ, ಎಲ್ಲಿ ಅಪಾಯ

ಬ್ಯಾಟರಿಗೆ ಎರಡು ಕ್ಲಿಪ್ ಕಚ್ಚಿಸಿ, ಮೊನೆಯಿಂದ ಟರ್ಮಿನಲ್ ಮುಟ್ಟಿ, ಹೆಬ್ಬೆರಳಿನಡಿಯ ಸ್ವಿಚ್ ಒತ್ತಿದರೆ ಪಾಸಿಟಿವ್ ಅಥವಾ ಅರ್ತ್ ಕೊಡುವ ಟೆಸ್ಟರ್‌ಗಳ ಗುಣವೂ ದೋಷವೂ ಡೀಸೆಲ್ ವಾಹನದ ಫ್ಯೂಯಲ್ ಕೂಲಿಂಗ್ ಸರ್ಕ್ಯೂಟ್‌ನಲ್ಲಿ ಚೆನ್ನಾಗಿ ಬಯಲಾಗುತ್ತವೆ. ಪಂಪ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಟೆಂಪರೇಚರ್ ಸೆನ್ಸರ್ ಇರುವ ಸಣ್ಣ ಸರ್ಕ್ಯೂಟ್ ಇದು. ಪಂಪಿನ ವೈರ್‌ನಲ್ಲಿ ಈ ಟೆಸ್ಟರ್‌ಗೆ ಸಾಟಿಯಿಲ್ಲ. ಸೆನ್ಸರ್ ವೈರ್‌ನಲ್ಲಿ ಸ್ವಿಚ್ ಒತ್ತಿದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಡಬಹುದು.

ಫೋಕ್ಸ್‌ವ್ಯಾಗನ್‌ನ ವಿ10 ಟಿಡಿಐ ಎಂಜಿನ್ ತೆಗೆದುಕೊಳ್ಳಿ. ಇಂಜೆಕ್ಟರ್‌ಗಳಿಂದ ಟ್ಯಾಂಕಿಗೆ ಮರಳುವ ಡೀಸೆಲ್ ಕಾದಿರುತ್ತದೆ. ಎಂಜಿನ್ ಕೂಲಂಟ್ ಕೂಡ ಬಿಸಿಯೇ ಆದ್ದರಿಂದ ಡೀಸೆಲ್ ತಣಿಸಲು ಪ್ರತ್ಯೇಕ ಕೂಲಂಟ್ ಸರ್ಕ್ಯೂಟ್ ಇದೆ. ಡೀಸೆಲ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಸಿಯು ರಿಲೇ ಮೂಲಕ ಅದರ ಪಂಪ್ ಚಾಲೂ ಮಾಡುತ್ತದೆ. ತಣ್ಣಗಿರುವ ಗಾಡಿಯಲ್ಲಿ ಪಂಪ್ ಸುಮ್ಮನಿದ್ದರೆ ಅದು ದೋಷವಲ್ಲ; ಇಷ್ಟು ತಿಳಿಯದೆ ಒಳ್ಳೆಯ ಪಂಪ್ ಬದಲಾಯಿಸುವುದುಂಟು.

ಮೊದಲು ಇಸಿಯುನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0168 ಕೋಡ್ ಬಂದರೆ ಡೀಸೆಲ್ ನಿಜಕ್ಕೂ ಅತಿಯಾಗಿ ಕಾದಿರಬಹುದು, ಪಂಪಿನ ಕಡೆ ಹೋಗಿ. ಪಿ0182 ಅಥವಾ ಪಿ0183 ಬಂದರೆ ಸೆನ್ಸರ್ ಸರ್ಕ್ಯೂಟ್ ನೋಡಬೇಕು. ಮೊದಲನೆಯದು ಸಿಗ್ನಲ್ ಅರ್ತ್‌ಗೆ ಶಾರ್ಟ್ ಆದಾಗ, ಎರಡನೆಯದು ವೈರ್ ತುಂಡಾದಾಗ ಬರುವುದೇ ಹೆಚ್ಚು.

ಪಂಪಿನ ಕಡೆಗಾದರೆ ಫ್ಯೂಸಿನ ಎರಡೂ ತುದಿಗೆ ಟೆಸ್ಟರ್ ಮೊನೆ ಮುಟ್ಟಿಸಿ ನೋಡಿ, ರಿಲೇ ಕೀಳಿ. ಸಾಕೆಟ್‌ನ 30ನೇ ಪಿನ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಇರಬೇಕು. ಇನ್ನು ಪಂಪಿಗೆ ಹೋಗುವ 87ನೇ ಪಿನ್‌ಗೆ ಮೊನೆ ಇಟ್ಟು ಪಾಸಿಟಿವ್ ಒತ್ತಿ. ಪಂಪ್ ಗುಂಯ್‌ಗುಟ್ಟಿದರೆ ಪಂಪ್, ಅದರ ವೈರ್, ಅರ್ತ್ ಒಂದೇ ಏಟಿಗೆ ಸಂಶಯದಿಂದ ಆಚೆ. ಟೆಸ್ಟರ್‌ನ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ಕಡಿಯುವ ಸ್ವಿಚ್) ಕಡಿದರೆ ವೈರ್ ಶಾರ್ಟ್ ಆಗಿದೆ ಅಥವಾ ಪಂಪ್ ಜಾಮ್ ಆಗಿದೆ. ಕೂಲಂಟ್ ಇಲ್ಲದೆ ಪಂಪನ್ನು ಕೆಲವೇ ಸೆಕೆಂಡ್‌ಗಿಂತ ಹೆಚ್ಚು ಓಡಿಸಬೇಡಿ. ಡೀಸೆಲ್ ಸೋರುತ್ತಿದ್ದರೆ ಒರೆಸಿ, ಗಾಳಿಯಾಡಿಸಿ, ಆಮೇಲೆ ಕ್ಲಿಪ್ ಹಾಕಿ.

ಬರೀ ಮಲ್ಟಿಮೀಟರ್ ಮೋಸ ಮಾಡುವುದು ಇಲ್ಲಿಯೇ. ಕನೆಕ್ಟರ್ ಹಸಿರುಗಟ್ಟಿ ತಾಮ್ರದ ಒಂದೇ ಎಳೆ ಉಳಿದಿದ್ದರೂ ಲೋಡ್ ಇಲ್ಲದಾಗ, ಅಂದರೆ ಪಂಪ್ ಕರೆಂಟ್ ಎಳೆಯದಾಗ, ಮೀಟರ್ 12.6 ವೋಲ್ಟ್ ತೋರಿಸುತ್ತದೆ. ಪಂಪ್ ಓಡುತ್ತಿರುವಾಗ ಅದರ ಪ್ಲಗ್‌ನ ನೆಗೆಟಿವ್ ಪಿನ್ ಹಿಂದಿನಿಂದ ಮುಟ್ಟಿ. ಈ ಟೆಸ್ಟರ್ ಬ್ಯಾಟರಿಯ ಅರ್ತ್‌ಗೆ ಹೋಲಿಸಿಯೇ ಅಳೆಯುವುದರಿಂದ ಕಾಣುವ ಅಂಕಿಯೇ ಅರ್ತ್ ದಾರಿಯ ನಷ್ಟ: 0.1 ವೋಲ್ಟ್ ಆದರೆ ಸರಿ, 0.5 ದಾಟಿದರೆ ಅರ್ತ್ ಬಿಚ್ಚಿ ಉಜ್ಜಿ. ದಶಮಾಂಶದ ಒಂದೇ ಸ್ಥಾನ ತೋರಿಸುವ ಮಾದರಿ ಈ ಕೆಲಸಕ್ಕೆ ಒರಟಾಯಿತು, ಎರಡು ಸ್ಥಾನ ಇರುವುದನ್ನೇ ಆರಿಸಿ.

ಟೆಸ್ಟರ್‌ನ ದೀಪದ ಬಣ್ಣವನ್ನು ಮಾತ್ರ ಪೂರ್ತಿ ನಂಬಬೇಡಿ. ಹಸಿರು ಬಂದರೆ ಅರ್ತ್ ಇದೆ ಎಂದಷ್ಟೇ ಅರ್ಥ, ಅದು ಪಂಪಿನ ಕರೆಂಟ್ ಹೊರುತ್ತದೆಯೇ ಎಂದಲ್ಲ. ಆ ಪ್ರಶ್ನೆಗೆ 21 ವಾಟ್‌ನ ಇಂಡಿಕೇಟರ್ ಬಲ್ಬ್‌ಗೆ ಎರಡು ವೈರ್ ಕಟ್ಟಿದ್ದು ಇದಕ್ಕಿಂತ ಒಳ್ಳೆಯ ಉತ್ತರ ಕೊಡುತ್ತದೆ: ಸುಮಾರು 1.75 ಆಂಪಿಯರ್ ಎಳೆಯುತ್ತದೆ, ವೈರ್ ಸೊರಗಿದ್ದರೆ ಮಂಕಾಗಿ ಉರಿಯುತ್ತದೆ. ಸಣ್ಣ ಸರ್ಕ್ಯುಲೇಶನ್ ಪಂಪ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ.

ರಿಲೇಯ ಕಂಟ್ರೋಲ್ ಕಡೆ, ಅಂದರೆ ಅದರ ಕಾಯಿಲ್‌ನ 85, 86ನೇ ಪಿನ್‌ಗಳಲ್ಲಿ, ಜಾಗ್ರತೆ. ಸಾಮಾನ್ಯವಾಗಿ 86ಕ್ಕೆ ಇಗ್ನಿಶನ್ ಪಾಸಿಟಿವ್ ಬರುತ್ತದೆ, 85ನ್ನು ಇಸಿಯು ಅರ್ತ್‌ಗೆ ಎಳೆಯುತ್ತದೆ. ಆದರೂ ವೈರಿಂಗ್ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿ. ಸ್ಕ್ಯಾನರ್‌ನಿಂದ ಆಕ್ಚುಯೇಟರ್ ಟೆಸ್ಟ್ (ರಿಲೇ ಚಾಲೂ ಮಾಡೆಂದು ಇಸಿಯುಗೆ ಆಜ್ಞೆ) ಕೊಟ್ಟು 85ನ್ನು ಸುಮ್ಮನೆ ಮುಟ್ಟಿ ನೋಡಬಹುದು. ಅಲ್ಲಿ ತಪ್ಪಿ ಪಾಸಿಟಿವ್ ಒತ್ತಿ, ಅದೇ ಹೊತ್ತಿಗೆ ಇಸಿಯು ಅರ್ತ್ ಕೊಟ್ಟರೆ ಒಳಗಿನ ಡ್ರೈವರ್ ಟ್ರಾನ್ಸಿಸ್ಟರ್ ಹೋಗುತ್ತದೆ. ಬ್ರೇಕರ್ ಕಡಿಯುವಷ್ಟು ಹೊತ್ತು ಅದು ತಡೆಯುವುದಿಲ್ಲ. ಸೆನ್ಸರ್ 5 ವೋಲ್ಟ್‌ನ ಲೋಕ. ಅಲ್ಲಿ ಟೆಸ್ಟರ್ ಬದಿಗಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಹೆಬ್ಬೆರಳು ಸಹಜವಾಗಿ ಕೂರುವ ಜಾಗದಲ್ಲೇ ಸ್ವಿಚ್ ಇಟ್ಟಿರುವುದು ಈ ಉಪಕರಣದ ದೊಡ್ಡ ಕೊರತೆ.

ಪಂಪು, ಫ್ಯಾನು, ರಿಲೇಗಳ ಕೆಲಸ ದಿನವೂ ಇರುವವರು ಧಾರಾಳವಾಗಿ ಕೊಳ್ಳಬಹುದು. ಕೊಂಡರೆ ಬ್ಯಾಕ್ ಪ್ರೋಬ್ ಪಿನ್‌ಗಳನ್ನೂ (ಕನೆಕ್ಟರ್‌ನ ಹಿಂದಿನಿಂದ ತೂರಿಸುವ ಸಣ್ಣ ಪಿನ್) ಜೊತೆಗೆ ತನ್ನಿ. ಚೂಪು ಮೊನೆಯಿಂದ ವೈರಿನ ಹೊದಿಕೆ ಚುಚ್ಚಿದರೆ ಆ ತೂತಿನಿಂದ ನೀರಿಳಿದು ಅಲ್ಲಿಯೇ ತಾಮ್ರ ಹಸಿರುಗಟ್ಟಲು ಶುರುವಾಗುತ್ತದೆ.