ಮೂಳೆಗೆಂದು ಎರಡು ವರ್ಷ ತೆಗೆದುಕೊಂಡ ಪ್ರೊಬಯಾಟಿಕ್ ಕ್ಯಾಪ್ಸೂಲ್: ತುಮಕೂರಿನ ಬಳಕೆದಾರಳೊಬ್ಬಳ ವಿಮರ್ಶೆ

2023ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗೆ, ನಡುವೆ ತಪ್ಪಿದ ಹತ್ತು ಹನ್ನೆರಡು ದಿನಗಳನ್ನು ಬಿಟ್ಟರೆ, ಪ್ರತಿದಿನ ಬೆಳಗಿನ ತಿಂಡಿಯ ನಂತರ ಒಂದು ಪ್ರೊಬಯಾಟಿಕ್ ಕ್ಯಾಪ್ಸೂಲ್, ಅಂದರೆ ಕರುಳಿಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾಗಳಿರುವ ಕ್ಯಾಪ್ಸೂಲ್, ತೆಗೆದುಕೊಂಡಿದ್ದೇನೆ. ಡಬ್ಬಿಯ ಮೇಲೆ ಸೊಂಟದ ಮೂಳೆಯ ಚಿತ್ರವಿದ್ದು, ಮುಟ್ಟು ನಿಂತ ಮಹಿಳೆಯರ ಮೂಳೆಯ ಆರೋಗ್ಯಕ್ಕೆ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. 30 ಕ್ಯಾಪ್ಸೂಲುಗಳ ಡಬ್ಬಿಗೆ 750 ರೂಪಾಯಿಯಂತೆ ಎರಡು ವರ್ಷಕ್ಕೆ ಸುಮಾರು 18,000 ರೂಪಾಯಿ ಖರ್ಚಾಯಿತು. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾದ ಮಾತು ಈ ಬಗೆಯ ಬಹುತೇಕ ಡಬ್ಬಿಗಳಿಗೂ ಅನ್ವಯಿಸುತ್ತದೆ.

ನನಗೆ 48ನೆಯ ವಯಸ್ಸಿಗೆ ಮುಟ್ಟು ನಿಂತಿತು. ಐದು ವರ್ಷಗಳ ನಂತರ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಬಚ್ಚಲಲ್ಲಿ ಜಾರಿ, ಊರಿದ ಕೈಯ ಮಣಿಕಟ್ಟು ಮುರಿದುಕೊಂಡಾಗ, ವೈದ್ಯರು ಅವಳಿಗೆ ಮೂಳೆ ಸವೆತವಿದೆಯೆಂದು ಹೇಳಿ ನನಗೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳಲು ಸೂಚಿಸಿದರು. ನನ್ನ ಬೆನ್ನುಮೂಳೆಯ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಿ, ಮೈನಸ್ 1.9 ಬಂತು. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಎಂದೂ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ರೋಗ, ಎಂದೂ ಲೆಕ್ಕ.

ಯಾವ ನೀರು ಕುಡಿದು ಬೆಳೆದೆ ಎಂದು ಆ ದಿನ ವೈದ್ಯರು ಕೇಳಿದ ಇನ್ನೊಂದು ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗಾಗಿ ಬರೆಯಲೇಬೇಕು. ನಾನು ಹುಟ್ಟಿ ಬೆಳೆದದ್ದು ಪಾವಗಡದ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ತುಮಕೂರಿಗೆ ಬರುವವರೆಗೂ ಕುಡಿದದ್ದು ಫ್ಲೋರೈಡ್ ಹೆಚ್ಚಿರುವ ಆ ಕಡೆಯ ಕೊಳವೆಬಾವಿಯ ನೀರು. ಫ್ಲೋರೈಡ್ ಹೆಚ್ಚಾಗಿ ಸೇರಿದ ದೇಹದಲ್ಲಿ ಬೆನ್ನುಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಒಳಗೆ ಪೆಡಸಾಗಿ ಸುಲಭವಾಗಿ ಮುರಿಯಬಹುದು. ಆದ್ದರಿಂದ ಅವರು ನನ್ನ ಮುಂಗೈಯ ಎಕ್ಸ್‌ರೇ ತೆಗೆಸಿ, ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದೆಯೇ ಎಂದು ನೋಡಿ, ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಕ್ಯಾನಿನ ಅಂಕಿಯನ್ನು ನಂಬಿದರು. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯಲ್ಲಿ ಬೆಳೆದವರು ಸ್ಕ್ಯಾನ್ ಮಾಡಿಸುವಾಗ ತಾವು ಯಾವ ನೀರು ಕುಡಿದು ಬೆಳೆದೆವೆಂಬುದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು.

ನನ್ನ ಹಂತಕ್ಕೆ ಔಷಧಿ ಬೇಡವೆಂದ ವೈದ್ಯರು, ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ನಡಿಗೆಯನ್ನು ಮಾತ್ರ ಹೇಳಿದರು. ಕ್ಯಾಪ್ಸೂಲನ್ನು ಅವರು ಬರೆದುಕೊಡಲಿಲ್ಲ. ಅದರ ಬಗ್ಗೆ ಓದಿ ನಾನೇ ತರಿಸಿಕೊಂಡೆ. ಆ ನಿರ್ಧಾರಕ್ಕೆ ಬುಡವಿಲ್ಲದಿರಲಿಲ್ಲ. ಮುಟ್ಟು ನಿಂತು ಈಸ್ಟ್ರೋಜೆನ್ ಹಾರ್ಮೋನು ಇಳಿದಾಗ ಕರುಳಿನ ಒಳಪದರದ ಬಿಗಿ ಸಡಿಲಗೊಳ್ಳುತ್ತದೆ. ಬ್ಯಾಕ್ಟೀರಿಯಾಗಳ ಅಂಶಗಳು ಒಳಕ್ಕೆ ನುಸುಳಿದಾಗ ರೋಗನಿರೋಧಕ ಕೋಶಗಳು ಕೆರಳಿ ಟಿಎನ್‌ಎಫ್‌ನಂಥ ಉರಿಯೂತದ ವಸ್ತುಗಳನ್ನು ಸ್ರವಿಸುತ್ತವೆ. ಅವು ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಹೆಚ್ಚಿಸುತ್ತವೆ. 2016ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಈಸ್ಟ್ರೋಜೆನ್ ಕಡಿಮೆಯಾದರೂ ಮೂಳೆ ಸವೆಯಲಿಲ್ಲ. ಸಾಮಾನ್ಯ ಇಲಿಗಳಿಗೆ ಪ್ರೊಬಯಾಟಿಕ್ ಕೊಟ್ಟಾಗ ಸವೆತ ತಡೆಯಿತು.

ಮಹಿಳೆಯರ ಮೇಲೂ ಪರೀಕ್ಷೆಗಳು ನಡೆದಿವೆ. ಸ್ವೀಡನ್ನಿನಲ್ಲಿ 75ರಿಂದ 80 ವರ್ಷದ 90 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ಲ್ಯಾಕ್ಟೋಬ್ಯಾಸಿಲಸ್ ರಿಯೂಟೆರಿಯ 6475 ಎಂಬ ಬ್ಯಾಕ್ಟೀರಿಯಾ ತಳಿಯನ್ನು ಕೊಟ್ಟಾಗ, ಮೊಣಕಾಲಿನ ಕೆಳಗಿನ ಮೂಳೆಯ ಸವೆತ ಖಾಲಿ ಮಾತ್ರೆ ಪಡೆದವರ ಸುಮಾರು ಅರ್ಧಕ್ಕೆ ಇಳಿಯಿತೆಂದು 2018ರಲ್ಲಿ ವರದಿಯಾಯಿತು. ಮರುವರ್ಷ ಅದೇ ದೇಶದಿಂದ, ಮುಟ್ಟು ನಿಂತ ಆರಂಭದ ವರ್ಷಗಳಲ್ಲಿದ್ದ 249 ಮಹಿಳೆಯರ ಪರೀಕ್ಷೆ ಬಂತು. ಬೇರೆ ಮೂರು ತಳಿಗಳ ಮಿಶ್ರಣ ತೆಗೆದುಕೊಂಡವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಉಳಿದವರದ್ದು ಶೇ. 0.7ರಷ್ಟು ಇಳಿಯಿತು. ತೊಡೆಮೂಳೆಯ ಬುಡದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ನಾನು ಹಣ ಕೊಟ್ಟದ್ದು ಇವುಗಳನ್ನು ನಂಬಿ. ನಾನು ಬಳಸುತ್ತಿದ್ದಾಗಲೇ, 2024ರಲ್ಲಿ, ಅದೇ 6475 ತಳಿಯನ್ನು 239 ಮಹಿಳೆಯರಲ್ಲಿ ಎರಡು ವರ್ಷ ಪರೀಕ್ಷಿಸಿ ನೋಡಿದ ಫಲಿತಾಂಶ ಹೊರಬಂತು. ಹೆಚ್ಚಿನ ಪ್ರಮಾಣದಲ್ಲಾಗಲಿ ಕಡಿಮೆ ಪ್ರಮಾಣದಲ್ಲಾಗಲಿ ಮೂಳೆಯ ಸವೆತ ತಗ್ಗಲಿಲ್ಲ. ಮೊದಲಿನವರು ಎಪ್ಪತ್ತೈದು ದಾಟಿದವರು, ಇವರು ಮುಟ್ಟು ನಿಂತು ಹೆಚ್ಚು ದಿನವಾಗದವರು ಎಂಬ ವ್ಯತ್ಯಾಸವನ್ನು ಒಪ್ಪಿದರೂ, ನನ್ನ ವಯಸ್ಸಿಗೆ ಹತ್ತಿರವಾದದ್ದು ಈ ಎರಡನೆಯ ಗುಂಪೇ ಎಂಬುದನ್ನು ಕಡೆಗಣಿಸುವಂತಿರಲಿಲ್ಲ.

ಆಗಲೇ ಡಬ್ಬಿಯ ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದಿದೆ. ನಾಲ್ಕು ಬ್ಯಾಕ್ಟೀರಿಯಾಗಳ ಹೆಸರಿತ್ತು, ಒಂದಕ್ಕೂ ತಳಿಯ ಗುರುತಿರಲಿಲ್ಲ. ರಾಗಿಯಲ್ಲಿ ಇಂಡಾಫ್ ಬೇರೆ, ಜಿಪಿಯು 28 ಬೇರೆ ಎಂದು ನಮ್ಮ ರೈತರು ಬಿತ್ತುವ ಮೊದಲು ಕೇಳಿ ತಿಳಿಯುತ್ತಾರೆ. ಬ್ಯಾಕ್ಟೀರಿಯಾದ ವಿಷಯದಲ್ಲಿಯೂ ಒಂದು ತಳಿಯ ಮೇಲೆ ನಡೆದ ಪರೀಕ್ಷೆ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಲೇಬಲ್ಲಿನಲ್ಲಿ ತಳಿಯ ಹೆಸರು ಇರಬೇಕೆಂದೂ, ಬಳಕೆಯ ಅವಧಿ ಮುಗಿಯುವ ಹೊತ್ತಿಗೆ ಎಷ್ಟು ಜೀವಾಣುಗಳು ಉಳಿದಿರುತ್ತವೆಂಬುದನ್ನು ತಿಳಿಸಬೇಕೆಂದೂ ಹೇಳುತ್ತದೆ. ನನ್ನ ಡಬ್ಬಿಯಲ್ಲಿದ್ದ 500 ಕೋಟಿ ಎಂಬ ಸಂಖ್ಯೆ ತಯಾರಾದ ದಿನದ್ದು. ತಳಿ ಯಾವುದೆಂದು ಕೇಳಿ ಎರಡು ಬಾರಿ ಪತ್ರ ಬರೆದೆ, ಉತ್ತರ ಬರಲಿಲ್ಲ. ಶೀತಲ ಜಾಗದಲ್ಲಿ ಇಡಿ ಎಂದು ಬರೆದ ವಸ್ತುವನ್ನು ಏಪ್ರಿಲ್ ಬಿಸಿಲಿನಲ್ಲಿ ಸಾಧಾರಣ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಿದ್ದೂ ಉಂಟು. ಮುಟ್ಟಿದರೆ ಬೆಚ್ಚಗಿದ್ದ ಆ ಡಬ್ಬಿಯಲ್ಲಿ ಎಷ್ಟು ಜೀವ ಉಳಿದಿತ್ತೆಂದು ಹೇಳುವವರು ಯಾರು?

ಎರಡು ವರ್ಷದ ನಂತರ ಅದೇ ಕೇಂದ್ರದಲ್ಲಿ, ಅದೇ ಯಂತ್ರದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಬೆನ್ನುಮೂಳೆಯ ಸಾಂದ್ರತೆ 0.838ರಿಂದ 0.829ಕ್ಕೆ, ಟಿ-ಸ್ಕೋರ್ ಮೈನಸ್ 2.0ಕ್ಕೆ ಬಂದಿತ್ತು. ಶೇ. 1ರ ಇಳಿಕೆ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಶೇ. 2ರಷ್ಟು ಹೋಗಬಹುದೆಂದು ತಿಳಿದಿದ್ದ ನನಗೆ ಮೊದಲು ಸಂತೋಷವೇ ಆಯಿತು. ಆದರೆ ಯಂತ್ರದ ಅಳತೆಯಲ್ಲಿಯೇ ಶೇ. 3ರವರೆಗೆ ಏರುಪೇರಾಗಬಹುದಾದ್ದರಿಂದ ಈ ಇಳಿಕೆಯನ್ನು ಇಳಿಕೆಯೆಂದೂ ಹೇಳಲಾಗದು, ನಿಂತಿದೆಯೆಂದೂ ಹೇಳಲಾಗದು ಎಂದು ವೈದ್ಯರು ವಿವರಿಸಿದರು. ಅಲ್ಲದೆ ಆ ಎರಡು ವರ್ಷಗಳಲ್ಲಿ ನಾನು ವಿಟಮಿನ್ ಡಿ ತೆಗೆದುಕೊಂಡಿದ್ದೆ, ಅಮಾನಿಕೆರೆಯ ದಂಡೆಯಲ್ಲಿ ದಿನವೂ ನಲವತ್ತು ನಿಮಿಷ ನಡೆದಿದ್ದೆ, ಮುದ್ದೆ, ನುಗ್ಗೆಸೊಪ್ಪು, ಎಳ್ಳಿನ ಪುಡಿಯನ್ನು ಬಿಟ್ಟಿರಲಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಇಷ್ಟರ ನಡುವೆ ಕ್ಯಾಪ್ಸೂಲಿನ ಪಾಲನ್ನು ಬೇರ್ಪಡಿಸಿ ತೋರಿಸುವುದು ಯಾರಿಂದಲೂ ಸಾಧ್ಯವಿಲ್ಲ. ಹೊಟ್ಟೆಯ ಮಟ್ಟಿಗೆ ಹೇಳುವುದಾದರೆ, ಮೊದಲ ವಾರ ಉಬ್ಬರವಿತ್ತು, ನಂತರ ಮಲಬದ್ಧತೆ ಸ್ಪಷ್ಟವಾಗಿ ಕಡಿಮೆಯಾಯಿತು. ಬೇರೆ ತೊಂದರೆಯಾಗಲಿಲ್ಲ.

ಇಷ್ಟೇ ಆಗಿದ್ದರೆ ಈ ವಿಮರ್ಶೆಯನ್ನು ಬರೆಯುತ್ತಿರಲಿಲ್ಲ. 2024ರ ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಅವಳ ಅಡುಗೆಮನೆಯ ಕಪಾಟಿನಲ್ಲಿ ಇದೇ ಡಬ್ಬಿ ಕಂಡಿತು. ಅವಳಿಗೆ ಮೂಳೆ ಸವೆತಕ್ಕೆಂದು ವಾರಕ್ಕೊಮ್ಮೆ ತೆಗೆದುಕೊಳ್ಳುವ 70 ಮಿಲಿಗ್ರಾಂ ಅಲೆಂಡ್ರೋನೇಟ್ ಮಾತ್ರೆಯನ್ನು ಬರೆದುಕೊಟ್ಟಿದ್ದರು. ಅದರ ಬಗ್ಗೆ ವಿಚಾರಿಸಿದೆ. "ನೀನೂ ಮೂಳೆಗೇ ತಾನೆ ಇದನ್ನ ತಗೊಳ್ತಿರೋದು? ಇದರಲ್ಲಿ ಎದೆ ಉರಿನೂ ಇಲ್ಲ, ಅದಕ್ಕೇ ಅದನ್ನ ಬಿಟ್ಟೆ ಕಣೇ" ಎಂದಳು. ಬಿಟ್ಟು ಐದು ತಿಂಗಳಾಗಿತ್ತು. ಮೂಳೆ ಮುರಿಯುವುದನ್ನು ತಡೆಯುತ್ತದೆಂದು ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾದ ಮಾತ್ರೆಯನ್ನು ಬಿಟ್ಟು, ಮುರಿತವನ್ನು ತಡೆಯುತ್ತದೆಂದು ಎಲ್ಲಿಯೂ ಸಾಬೀತಾಗದ ವಸ್ತುವನ್ನು ಅವಳು ನನ್ನನ್ನು ನೋಡಿ ಹಿಡಿದಿದ್ದಳು. ಡಬ್ಬಿಯ ಮೇಲಿನ ಮೂಳೆಯ ಚಿತ್ರದ ಬಗ್ಗೆ ನನ್ನ ಗಂಭೀರವಾದ ಆಕ್ಷೇಪ ಇರುವುದು ಇಲ್ಲಿ. ಔಷಧಿಯ ಜಾಗದಲ್ಲಿ ಇದನ್ನು ಬಳಸಬೇಡಿ ಎಂಬ ಒಂದು ಸಾಲನ್ನು ಆ ಚಿತ್ರದಷ್ಟೇ ದೊಡ್ಡದಾಗಿ, ಕನ್ನಡದಲ್ಲಿ, ಮುದ್ರಿಸಬೇಕಿತ್ತು.

ಮಲಬದ್ಧತೆಗಾಗಿ ಬೇಕೆನ್ನುವವರು, ತಳಿಯ ಹೆಸರಿರುವ ಡಬ್ಬಿಯನ್ನು ನೋಡಿ ಕೊಳ್ಳಬಹುದು. ಮೂಳೆಗಾಗಿಯೇ ತಿಂಗಳಿಗೆ 750 ರೂಪಾಯಿ ಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನು ಮಾರ್ಚ್‌ನಲ್ಲಿ ನಿಲ್ಲಿಸಿದೆ. ಆ ಹಣಕ್ಕೆ ಈಗ ಹಾಲು ತರಿಸಿ ಮನೆಯಲ್ಲಿಯೇ ಹೆಪ್ಪು ಹಾಕುತ್ತೇನೆ. ಅಕ್ಕನನ್ನು ಮತ್ತೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಎದೆ ಉರಿಯ ವಿಷಯವನ್ನು ಅವಳ ಬಾಯಿಂದಲೇ ಹೇಳಿಸಿದೆ. ಮಾತ್ರೆ ನುಂಗಿದ ಮೇಲೆ ಅವಳು ತಕ್ಷಣ ಮಲಗಿಬಿಡುತ್ತಿದ್ದಳೆಂಬುದು ಆಗ ಗೊತ್ತಾಯಿತು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ನೀರಿನೊಂದಿಗೆ ಅದನ್ನು ನುಂಗುತ್ತಾಳೆ. ಅರ್ಧ ಗಂಟೆ ಮಲಗಬಾರದಾದ್ದರಿಂದ, ಏಳು ಗಂಟೆಯವರೆಗೆ ನಾವಿಬ್ಬರೂ ಫೋನಿನಲ್ಲಿ ಮಾತನಾಡುತ್ತೇವೆ.