ಯಾವ ಹಾಡು ಹೆಚ್ಚು ನೋಯಿಸುತ್ತದೆ? ಮಳೆಗಾಲದಲ್ಲಿ ಕೇಳಿ ನೋಡಿದ ಐದು ರಾಕ್ ಹಾಡುಗಳು

ಆಲ್ಟರ್ನೇಟಿವ್ ರಾಕ್‌ನಲ್ಲಿ ತೀರಾ ದುಃಖದ ಹಾಡು ಯಾವುದು ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಹೆಸರುಗಳು ಹೆಚ್ಚುಕಡಿಮೆ ಅವೇ. ಆರ್‌ಇಎಂ ತಂಡದ 'ಎವ್ರಿಬಡಿ ಹರ್ಟ್ಸ್', ಪರ್ಲ್ ಜಾಮ್‌ನ 'ಬ್ಲ್ಯಾಕ್', ನೈನ್ ಇಂಚ್ ನೇಲ್ಸ್‌ನ 'ಹರ್ಟ್', ಆಲಿಸ್ ಇನ್ ಚೇನ್ಸ್‌ನ 'ನಟ್‌ಶೆಲ್', ರೇಡಿಯೋಹೆಡ್‌ನ 'ಟ್ರೂ ಲವ್ ವೇಟ್ಸ್'. ಈ ಐದನ್ನೂ ನಾನು ಕಾಲೇಜು ದಿನಗಳಿಂದ ಕೇಳುತ್ತಾ ಬಂದವನು. ಈ ಸಲದ ಮಳೆಗಾಲದಲ್ಲಿ ಮಾತ್ರ ಬೇಕಂತಲೇ ಒಂದರ ಪಕ್ಕ ಒಂದು ಇಟ್ಟು ಕೇಳಿದೆ. ಶಿವಮೊಗ್ಗದ ರೂಮಿನಲ್ಲಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು, ತೀರ್ಥಹಳ್ಳಿ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಊರಿನ ಮನೆಯ ಜಗಲಿಯಲ್ಲಿ ಪುಟ್ಟ ಸ್ಪೀಕರ್ ಇಟ್ಟುಕೊಂಡು. ಗಿಟಾರ್‌ನಲ್ಲಿ ನುಡಿಸಿಯೂ ನೋಡಿದೆ. ಕೆಲವು ಗುಟ್ಟು ಬೆರಳಿಗೆ ಬಂದ ಮೇಲೇ ಗೊತ್ತಾಗುವುದು.

ನಾನು ನೋಡಿದ್ದು ಒಂದೇ ವಿಷಯ. ಈ ಹಾಡು ಕೇಳುವವರನ್ನು ದುಃಖದಿಂದ ಹೊರಗೆ ಬಿಡುತ್ತದಾ, ಇಲ್ವಾ? ಬಿಟ್ಟರೆ ಯಾವ ಬಾಗಿಲಿಂದ? ನನ್ನ ಪ್ರಕಾರ ಹಾಡುಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದೇ ಅಲ್ಲಿ.

'ಎವ್ರಿಬಡಿ ಹರ್ಟ್ಸ್' ಆ ಬಾಗಿಲನ್ನು ಮೊದಲಿಂದಲೂ ತೆರೆದೇ ಇಡುತ್ತದೆ. 1992ರ 'ಆಟೊಮ್ಯಾಟಿಕ್ ಫಾರ್ ದ ಪೀಪಲ್' ಆಲ್ಬಂನ ಹಾಡು. ಮೂಲತಃ ಇದನ್ನು ತಂದವರು ಡ್ರಮ್ಮರ್ ಬಿಲ್ ಬೆರಿ. ಆದರೂ ಇದರಲ್ಲಿ ಲಯ ಹಿಡಿದು ನಡೆಸುವುದು ಒಂದು ಡ್ರಮ್ ಮಶೀನು. ವಯಲಿನ್‌ಗಳ ಗುಂಪಿಗೆ ಸಂಗೀತ ಜೋಡಿಸಿದವರು ಲೆಡ್ ಜೆಪ್ಲಿನ್ ತಂಡದ ಜಾನ್ ಪಾಲ್ ಜೋನ್ಸ್. ತಿಶ್ರ ನಡೆಯಲ್ಲಿ, ಕಿವಿಗೆ ಬೆಳಕಾಗಿ ಕೇಳುವ ಮೇಜರ್ ಸ್ಕೇಲ್‌ನಲ್ಲಿ ನಿಧಾನಕ್ಕೆ ತೂಗುತ್ತಾ ಹೋಗುತ್ತದೆ. ಮೈಕಲ್ ಸ್ಟೈಪ್ ಹಾಡುವ ಮಾತುಗಳು ಎಷ್ಟು ಸರಳ ಅಂದರೆ, ಹೈಸ್ಕೂಲು ಹುಡುಗರಿಗೂ ಒಂದೇ ಸಲಕ್ಕೆ ಅರ್ಥವಾಗುತ್ತವೆ. ಆ ವಯಸ್ಸಿನವರಿಗೆ ತಲುಪಲಿ ಅಂತಲೇ ಹಾಗೆ ಬರೆದದ್ದು. ತಡ್ಕೋ, ನೀನೊಬ್ಬನೇ ಅಲ್ಲ ಅನ್ನುವುದು ಹಾಡಿನ ಒಟ್ಟು ಮಾತು.

ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಹಲಸಿನ ಬೀಜ ಸುಲಿಯುತ್ತಾ ಕೂತಿದ್ದವರಿಗೆ ಐದೂ ಹಾಡು ಕೇಳಿಸಿದೆ. ಅವರಿಗೆ ಇಷ್ಟವಾಗಿದ್ದು ಇದೇ. 'ಸಮಾಧಾನ ಮಾಡ್ತಿದಾನೆ ಅಲ್ವಾ?' ಅಂದರು. ಮಾತು ತಿಳಿಯದವರಿಗೂ ಸಮಾಧಾನ ತಲುಪಿತು ಅಂದರೆ ಅದು ದೊಡ್ಡ ಕೆಲಸವೇ. ಆದರೆ ನನ್ನ ಹೋಲಿಕೆಯಲ್ಲಿ ಇದು ಹಿಂದೆ ಉಳಿಯುವುದಕ್ಕೂ ಅದೇ ಕಾರಣ. ಇದು ಕಣ್ಣು ಒರೆಸುವ ಹಾಡು. ಎದೆ ಒಡೆಯುವ ಹಾಡಲ್ಲ.

'ಬ್ಲ್ಯಾಕ್' 1991ರ 'ಟೆನ್' ಆಲ್ಬಂನಲ್ಲಿದೆ. ಇದನ್ನು ಸಿಂಗಲ್ ಆಗಿ, ಅಂದರೆ ಒಂದೇ ಹಾಡಾಗಿ ಬೇರೆ ಬಿಡುಗಡೆ ಮಾಡೋಣ ಅಂತ ರೆಕಾರ್ಡ್ ಕಂಪನಿ ಬಯಸಿದರೂ ತಂಡದವರು ಒಪ್ಪಲಿಲ್ಲ. ಇಷ್ಟು ಖಾಸಗಿ ಹಾಡನ್ನು ಮಾರುಕಟ್ಟೆಗೆ ತಳ್ಳುವುದು ಅವರಿಗೆ ಬೇಕಿರಲಿಲ್ಲ. ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್ ಮಾಡಿದ ಟ್ಯೂನಿಗೆ ಗಾಯಕ ಎಡ್ಡಿ ವೆಡ್ಡರ್ ಮಾತು ಬರೆದರು.

ಗಿಟಾರ್ ಹಿಡಿದರೆ ಈ ಹಾಡಿನ ಒಂದು ಜಾಗ ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುತ್ತದೆ. ಚರಣ ಪೂರ್ತಿ ಇ ಮೇಜರ್ ಮತ್ತು ಎ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಡುವೆ ಓಡಾಡುತ್ತದೆ. ದೂರವಾದ ಪ್ರೇಯಸಿಯನ್ನು ನೆನೆಯುವ ಭಾಗ ಅದು, ಬಿಸಿಲು ಬಿದ್ದ ಹಾಗೆ ಬೆಚ್ಚಗಿದೆ. ಕೋರಸ್‌ಗೆ, ಅಂದರೆ ಪಲ್ಲವಿಗೆ ಬಂದಾಗ ಇ ಮೇಜರ್ ಹೋಗಿ ಮಂಕಾಗಿ ಕೇಳುವ ಇ ಮೈನರ್ ಆಗುತ್ತದೆ. ಇದಕ್ಕೆ ಬೆರಳಲ್ಲಿ ಏನು ಮಾಡಬೇಕು ಗೊತ್ತಾ? ಮೂರನೇ ತಂತಿಯ ಮೊದಲ ಫ್ರೆಟ್ (ಗಿಟಾರ್ ಕತ್ತಿನ ಮೊದಲ ಮನೆ) ಮೇಲಿರುವ ತೋರುಬೆರಳನ್ನು ಎತ್ತಬೇಕು. ಅಷ್ಟೇ. ಉಳಿದ ಎರಡು ಬೆರಳು ಇದ್ದಲ್ಲೇ ಇರುತ್ತವೆ. ಒಂದೇ ಒಂದು ಸ್ವರ ಅರ್ಧ ಮೆಟ್ಟಿಲು ಕೆಳಗಿಳಿದರೆ ಸಾಕು, ಇಷ್ಟು ಹೊತ್ತು ನೆನಪಾಗಿದ್ದದ್ದು ನೋವಾಗುತ್ತದೆ. ಸುಮ್ನೆ ಆ ಎರಡು ಕಾರ್ಡ್ ಒಂದಾದ ಮೇಲೊಂದು ನುಡಿಸಿ ನೋಡಿ, ಹಾಡು ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಕೊನೆಗೆ ವೆಡ್ಡರ್ ಜೀವ ಬಿಟ್ಟು ಕೂಗುತ್ತಾರೆ. ಆಮೇಲೆ ಮಾತೇ ಖಾಲಿಯಾಗಿ ಬರೀ 'ಡೂ ಡೂ' ಉಳಿಯುತ್ತದೆ. ಗಾಜನೂರು ದಾಟಿ ಮಂಡಗದ್ದೆ ಕಡೆಗೆ ಬಸ್ ಓಡುವಾಗ, ಬಲಕ್ಕೆ ತುಂಗೆ ಕೆಂಪಗೆ ತುಂಬಿ ಹರಿಯುವಾಗ ಈ ಹಾಡು ಬಲು ಚೆನ್ನಾಗಿ ಒಪ್ಪುತ್ತದೆ. ಎಂಜಿನ್ ಸದ್ದಿಗೂ ಜಗ್ಗುವುದಿಲ್ಲ. ಆದರೆ ಆ ಕೂಗು ಇದೆಯಲ್ಲ, ಅದೇ ಇದರ ಬಾಗಿಲು. ಅವರ ಜೊತೆ ನಾವೂ ಒಳಗೊಳಗೇ ಕೂಗಿ ಹಗುರಾಗುತ್ತೇವೆ. ಇಳಿಯುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ, ಚಹಾ ಬೇಕು ಅನಿಸುತ್ತದೆ.

'ಹರ್ಟ್' ವಿಷಯದಲ್ಲಿ ಸ್ಪರ್ಧೆ ಎರಡು ರೂಪಗಳ ನಡುವೆ. ಮೂಲ ಹಾಡು 1994ರ 'ದ ಡೌನ್‌ವರ್ಡ್ ಸ್ಪೈರಲ್' ಆಲ್ಬಂನ ಕೊನೆಯದು. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ಬರೆದು ಹಾಡಿದ್ದು. ಇನ್ನೊಂದು 2002ರಲ್ಲಿ, ತಮ್ಮ 70ನೇ ವಯಸ್ಸಿನಲ್ಲಿ, ಹಳ್ಳಿಗಾಡಿನ ಕಂಟ್ರಿ ಸಂಗೀತದ ಹಿರಿಯ ಜಾನಿ ಕ್ಯಾಶ್ ಹಾಡಿದ್ದು. ರೆಜ್ನರ್ ಹಾಡಿನಲ್ಲಿ ಗಿಟಾರ್‌ನ ಒಂದು ಸ್ವರ ಬೇಕಂತಲೇ ಅಪಸ್ವರವಾಗಿ ನಿಲ್ಲುತ್ತದೆ. ಸಾಲು ಮುಗಿದರೂ ಕಿವಿಗೆ ಮುಗಿದ ಹಾಗನಿಸುವುದಿಲ್ಲ, ಮುಳ್ಳು ಒಳಗೇ ಉಳಿಯುತ್ತದೆ. ಕ್ಯಾಶ್ ಆ ಮುಳ್ಳನ್ನು ತೆಗೆದು ಸಾದಾ ಕಾರ್ಡ್ ಇಟ್ಟುಕೊಂಡರು. ಆಗ ಉಳಿಯುವುದು ಅವರ ನಡುಗುವ ದನಿ, ಮತ್ತೆ ಮತ್ತೆ ಬೀಳುವ ಒಂದು ಪಿಯಾನೋ ಸ್ವರ. ಅಮ್ಮ ಇದನ್ನು ಕೇಳುವಾಗ 'ಇವರಿಗೆ ಎಷ್ಟು ವಯಸ್ಸು?' ಅಂತ ಕೇಳಿದರು. ಕೊನೆಯವರೆಗೂ ಮಾತಾಡಲಿಲ್ಲ.

ಜಗತ್ತು ಕ್ಯಾಶ್ ಕಡೆಗಿದೆ. ಅವರ ಹೆಂಡತಿ ಜೂನ್ ಕಾರ್ಟರ್ 2003ರ ಮೇ ತಿಂಗಳಲ್ಲಿ ತೀರಿಕೊಂಡರು, ಕ್ಯಾಶ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಅದು ಗೊತ್ತಿದ್ದು ವಿಡಿಯೋ ನೋಡಿದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೂ ನಾನು ರೆಜ್ನರ್ ಕಡೆ. ಕ್ಯಾಶ್ ಬಾಯಲ್ಲಿ ಅದು ತುಂಬಿದ ಬಾಳಿನ ಲೆಕ್ಕ ಒಪ್ಪಿಸಿದ ಹಾಗೆ ಕೇಳುತ್ತದೆ. ಅದರಲ್ಲಿ ಒಂದು ಘನತೆ ಇದೆ, ಘನತೆಯಲ್ಲಿ ನೆಮ್ಮದಿ ಇದೆ. ಮೂವತ್ತೂ ಆಗದ ಹುಡುಗನೊಬ್ಬ ಅದೇ ಮಾತು ಹೇಳಿದಾಗ ಒಪ್ಪಿಸಲು ಬಾಳೇ ಇರುವುದಿಲ್ಲ. ಅದು ನನಗೆ ಜಾಸ್ತಿ ನೋವಿನ ವಿಷಯ. ಒಂದೇ ತೊಂದರೆ, ಮೂಲ ಹಾಡಿನ ಶುರು ಪಿಸುಮಾತಿನ ಹಾಗಿದೆ. ಜಿಂಕ್ ಶೀಟಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್‌ನಲ್ಲಿ ಏನೂ ಕೇಳುವುದಿಲ್ಲ. ಹೆಡ್‌ಫೋನ್ ಬೇಕೇ ಬೇಕು.

ಇನ್ನು ಬಾಗಿಲೇ ಇಲ್ಲದ ಎರಡು ಹಾಡುಗಳು.

'ಟ್ರೂ ಲವ್ ವೇಟ್ಸ್' ಅನ್ನು ರೇಡಿಯೋಹೆಡ್ ಮೊದಲು ವೇದಿಕೆಯಲ್ಲಿ ಹಾಡಿದ್ದು 1995ರಲ್ಲಿ. 2001ರಲ್ಲಿ ಒಂದು ಲೈವ್ ಆಲ್ಬಂನಲ್ಲಿ ಬಂತು, ತಂಡದ ಗಾಯಕ ಥಾಮ್ ಯಾರ್ಕ್ ಒಬ್ಬರೇ ಅಕೌಸ್ಟಿಕ್ ಗಿಟಾರ್ ಬಾರಿಸುತ್ತಾ ಹಾಡಿದ್ದು. ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡು ಹೊರಬಂದಿದ್ದು 2016ರಲ್ಲಿ, 'ಎ ಮೂನ್ ಶೇಪ್ಡ್ ಪೂಲ್' ಆಲ್ಬಂನ ಕೊನೆಗೆ. ಇಪ್ಪತ್ತು ವರ್ಷ ಕಾದ ಹಾಡು. ಆ ನಡುವೆ, 2015ರಲ್ಲಿ, ಯಾರ್ಕ್ ಮತ್ತು 23 ವರ್ಷ ಜೊತೆಗಿದ್ದ ಸಂಗಾತಿ ಬೇರೆಯಾದರು.

ಎರಡನ್ನೂ ಬೆನ್ನು ಬೆನ್ನಿಗೆ ಕೇಳಿ. ಸಾಹಿತ್ಯ ಹೆಚ್ಚುಕಡಿಮೆ ಅದೇ. ಬಿಟ್ಟು ಹೋಗಬೇಡ ಅನ್ನುವ ಬೇಡಿಕೆ. ಹಳೆಯದರಲ್ಲಿ ಗಿಟಾರ್ ಗಟ್ಟಿಯಾಗಿ, ಬಿರುಸಾಗಿ ಬಡಿಯುತ್ತದೆ. ಹಾಡುವವನು ಚಿಕ್ಕವನು. ಕೇಳಿಕೊಂಡರೆ ಅವಳು ನಿಂತೇ ನಿಲ್ಲುತ್ತಾಳೆ ಅನ್ನುವ ನಂಬಿಕೆ ದನಿಯಲ್ಲಿದೆ. 2016ರದ್ದರಲ್ಲಿ ಗಿಟಾರ್ ಇಲ್ಲ. ಡ್ರಮ್ ಇಲ್ಲ. ಪಿಯಾನೋ ಸ್ವರಗಳು ಮಾತ್ರ ಒಂದರ ಮೇಲೊಂದು ಬೀಳುತ್ತವೆ, ಒಂದಕ್ಕೊಂದು ತಾಳ ಕೂಡಿಸುವುದಿಲ್ಲ. ನಮ್ಮ ಕಡೆಯ ಯಕ್ಷಗಾನದಲ್ಲಿ ಕರುಣ ರಸದ ಪದ ಬಂದಾಗ ಚಂಡೆ ಸುಮ್ಮನಾಗಿ ಬರೀ ಮದ್ದಳೆ ಉಳಿಯುತ್ತದಲ್ಲ, ಇಲ್ಲಿ ಆ ಮದ್ದಳೆಯನ್ನೂ ತೆಗೆದ ಹಾಗಿದೆ. ಕೇಳುವವರಿಗೆ ಕಾಲೂರಲು ಲಯವೇ ಸಿಗುವುದಿಲ್ಲ. ಬೇಡಿಕೆ ಅದೇ, ಆದರೆ ಈಗ ಹೋಗುವವರು ಹೋಗಿ ಆಗಿದೆ. ಯಾರಿಗೂ ಕೇಳಿಸದ ಬೇಡಿಕೆಯನ್ನು ಒಬ್ಬ ಮನುಷ್ಯ ಪದ ಬದಲಿಸದೆ ಹೇಳುತ್ತಿದ್ದಾನೆ. ಕೊನೆಯ ಸ್ವರ ಕೂಡ ಊರು ಮುಟ್ಟಿದ ಹಾಗಿಲ್ಲ.

ಇದನ್ನು ಬಸ್ಸಿನಲ್ಲಿ ಕೇಳಲು ಹೋಗಬೇಡಿ. ಎಂಜಿನ್ ಸದ್ದಿಗೆ ಪಿಯಾನೋದ ಅರ್ಧ ಹೋಗಿಬಿಡುತ್ತದೆ. ಊರಿನಲ್ಲಿ ಕರೆಂಟು ಹೋಗಿ, ಮಳೆ ಸ್ವಲ್ಪ ಬಿಟ್ಟುಕೊಟ್ಟ ರಾತ್ರಿಯೇ ಇದಕ್ಕೆ ಸರಿ. ಮಲೆನಾಡಿನಲ್ಲಿ ಜುಲೈ ತಿಂಗಳಿಡೀ ಅಂಥ ರಾತ್ರಿಗೇನು ಬರ?

'ನಟ್‌ಶೆಲ್'ಗೆ ಇಷ್ಟೆಲ್ಲ ಕಥೆ ಬೇಡ. 1993ರಲ್ಲಿ ಆಲಿಸ್ ಇನ್ ಚೇನ್ಸ್ ಹುಡುಗರು ಟೂರ್ ಮುಗಿಸಿ ಸಿಯಾಟಲ್‌ಗೆ ಬಂದಾಗ ಬಾಡಿಗೆ ಕಟ್ಟದೆ ಮನೆ ಕೈಬಿಟ್ಟಿತ್ತು. ಸ್ಟುಡಿಯೋದಲ್ಲೇ ಉಳಿದುಕೊಂಡರು. ಸುಮಾರು ಒಂದು ವಾರದಲ್ಲಿ ಈ ಹಾಡಿರುವ 'ಜಾರ್ ಆಫ್ ಫ್ಲೈಸ್' ಇಪಿಯನ್ನು (ಆಲ್ಬಂಗಿಂತ ಚಿಕ್ಕ ಹಾಡುಗಳ ಗುಚ್ಛ) ಮುದ್ರಿಸಿ ಮುಗಿಸಿದರು. 1994ರ ಜನವರಿಯಲ್ಲಿ ಅದು ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಇಪಿ ಒಂದು ಹಾಗೆ ಬಂದದ್ದು ಅದೇ ಮೊದಲು. ನನ್ನದು ಅನ್ನುವ ಮನೆ ಇಲ್ಲ, ಯಾರ ಹತ್ತಿರ ಅಳಲಿ ಅನ್ನುವ ಅರ್ಥದ ಮಾತನ್ನು ತಂಡದ ಗಾಯಕ ಲೇಯ್ನ್ ಸ್ಟೇಲಿ ಆ ದಿನಗಳಲ್ಲಿ ಹಾಡಿದ್ದು.

ತಂತಿಗಳನ್ನೆಲ್ಲ ಅರ್ಧ ಸ್ವರ ಸಡಿಲಿಸಿ ನಾನೂ ನುಡಿಸಿ ನೋಡಿದೆ. ನಾಲ್ಕು ಕಾರ್ಡ್, ಅವೇ ಸುತ್ತುತ್ತವೆ. ಕೋರಸ್ ಇಲ್ಲ. ಸಾಮಾನ್ಯವಾಗಿ ಹಾಡೊಂದು ಕೋರಸ್‌ಗೆ ಬಂದಾಗ ನಾವು ಉಸಿರು ಬಿಡುತ್ತೇವೆ, ಎಲ್ಲೋ ತಲುಪಿದೆವು ಅನಿಸುತ್ತದೆ. ಇಲ್ಲಿ ತಲುಪುವ ಜಾಗವೇ ಇಲ್ಲ. ಮತ್ತೆ ಅದೇ ಮೊದಲನೇ ಕಾರ್ಡ್. ಸ್ಟೇಲಿ ಬೇಕಾದರೆ ಎಷ್ಟು ಜೋರಾಗಿ ಕೂಗಬಲ್ಲರು ಅನ್ನುವುದು ಅವರ ಬೇರೆ ಹಾಡು ಕೇಳಿದವರಿಗೆ ಗೊತ್ತು. ಇಲ್ಲಿ ಕೂಗುವುದಿಲ್ಲ. ಶಕ್ತಿ ಇದ್ದೂ ಕೂಗುವುದಿಲ್ಲ. ವೆಡ್ಡರ್ ಕೊಟ್ಟ ಬಿಡುಗಡೆಯನ್ನು ಸ್ಟೇಲಿ ಕೊಡುವುದಿಲ್ಲ, ಮೈಕಲ್ ಸ್ಟೈಪ್ ಕೊಟ್ಟ ಸಮಾಧಾನವನ್ನೂ ಕೊಡುವುದಿಲ್ಲ. ಕೊನೆಗೆ ಜೆರ್ರಿ ಕ್ಯಾಂಟ್ರೆಲ್ ಅವರ ಎಲೆಕ್ಟ್ರಿಕ್ ಗಿಟಾರ್ ಒಂದಷ್ಟು ಹೊತ್ತು ಮಾತಾಡುತ್ತದೆ, ಅದೂ ಅದೇ ಕಾರ್ಡ್‌ಗಳ ಮೇಲೆ.

1996ರ ಏಪ್ರಿಲ್‌ನ ಎಂಟಿವಿ ಚಾನೆಲ್‌ನ ಅನ್‌ಪ್ಲಗ್ಡ್ (ಅಕೌಸ್ಟಿಕ್ ವಾದ್ಯಗಳ) ಕಾರ್ಯಕ್ರಮವನ್ನು ಅವರು ಈ ಹಾಡಿನಿಂದಲೇ ಶುರು ಮಾಡಿದರು. ತಂಡ ಅಷ್ಟರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ವೇದಿಕೆ ಹತ್ತಿರಲಿಲ್ಲ. ಕ್ಯಾಂಟ್ರೆಲ್ ಗಿಟಾರ್ ಶುರು ಮಾಡುತ್ತಾರೆ, ಉಳಿದವರು ಸೇರಿಕೊಳ್ಳುತ್ತಾರೆ, ಸ್ಟೇಲಿ ಕೊನೆಗೆ ಬಂದು ಕೂರುತ್ತಾರೆ. ತುಂಬಾ ಸೊರಗಿದ್ದಾರೆ. 2002ರ ಏಪ್ರಿಲ್‌ನಲ್ಲಿ, 34ನೇ ವಯಸ್ಸಿಗೆ, ಡ್ರಗ್ಸ್ ಅವರನ್ನು ತಿಂದುಹಾಕಿತು. ಆದರೆ ನನ್ನ ಮಾತು ಅದರ ಮೇಲೆ ನಿಂತಿಲ್ಲ. ಸಾವಿನ ವಿಷಯ ಗೊತ್ತಿಲ್ಲದ ಕಾಲದಲ್ಲೂ ಈ ಹಾಡು ನನಗೆ ಇಷ್ಟೇ ಭಾರವಾಗಿತ್ತು. 'ಟ್ರೂ ಲವ್ ವೇಟ್ಸ್' ಹಾಗಲ್ಲ. ಹಳೆಯ ರೂಪ ಗೊತ್ತಿಲ್ಲದವರಿಗೆ 2016ರದ್ದು ಬರೀ ನಿಧಾನದ ಪಿಯಾನೋ ಹಾಡು ಅನಿಸಬಹುದು. ನನ್ನ ಗೆಳೆಯರಲ್ಲಿ ಒಂದಿಬ್ಬರಿಗೆ ಅನಿಸಿತು ಕೂಡ. ಹಿಂದಿನದು ಕೇಳಿ ಬಂದವರಿಗೆ ಮಾತ್ರ ಅದು ಪೂರ್ತಿ ತಾಗುತ್ತದೆ. ತಾಗಿದಾಗ 'ನಟ್‌ಶೆಲ್'ಗಿಂತ ಆಳಕ್ಕೆ ಹೋಗುತ್ತದೆ, ಒಪ್ಪುತ್ತೇನೆ. ಆದರೂ ಏನೂ ಗೊತ್ತಿಲ್ಲದೆ ಬಂದವರನ್ನೂ ಮೊದಲ ಕಾರ್ಡ್‌ನಲ್ಲೇ ಹಿಡಿಯುವ ಹಾಡಿಗೆ ನನ್ನ ಮೊದಲ ಸ್ಥಾನ. 'ನಟ್‌ಶೆಲ್' ಮೊದಲು, 'ಟ್ರೂ ಲವ್ ವೇಟ್ಸ್' ಅದರ ಬೆನ್ನಿಗೆ, ಆಮೇಲೆ ರೆಜ್ನರ್ ದನಿಯ 'ಹರ್ಟ್', 'ಬ್ಲ್ಯಾಕ್', ಕೊನೆಗೆ 'ಎವ್ರಿಬಡಿ ಹರ್ಟ್ಸ್'.

ಕೇಳುವಾಗ ಮಾತ್ರ ಈ ಕ್ರಮ ಬೇಡ. ನಿಜವಾಗಿಯೂ ಯಾರನ್ನೋ ಕಳೆದುಕೊಂಡು ಕೂತಿದ್ದರೆ, ಮನಸ್ಸು ಸರಿಯಿಲ್ಲದಿದ್ದರೆ, ನನ್ನ ಪಟ್ಟಿಯನ್ನು ತಿರುಗಿಸಿ 'ಎವ್ರಿಬಡಿ ಹರ್ಟ್ಸ್'ನಿಂದ ಶುರು ಮಾಡಿ. ಜೊತೆಗೆ ಯಾರಾದರೂ ಇರಲಿ. ಬಾಗಿಲಿಲ್ಲದ ಆ ಎರಡು ಹಾಡುಗಳನ್ನು ಗಟ್ಟಿಯಾಗಿರುವ ದಿನಕ್ಕೆ ಇಟ್ಟುಕೊಳ್ಳಿ. 'ನಟ್‌ಶೆಲ್' ಮೊದಲ ಸಲ ಕೇಳುವವರು ಸ್ಟುಡಿಯೋದ್ದನ್ನೇ ಕೇಳಿ, ಅನ್‌ಪ್ಲಗ್ಡ್ ವಿಡಿಯೋ ಆಮೇಲೆ.