ತೂಮ್, ಅಲಿಯೋಲಿ, ಸ್ಕೊರ್ದಾಲಿಯಾ: ಹಸಿ ಬೆಳ್ಳುಳ್ಳಿಯ ಮೂರು ರುಚಿ ಮಾಡಿ ನೋಡಿದೆ

ನಮ್ಮಲ್ಲಿ ಬೆಳ್ಳುಳ್ಳಿ ಒಗ್ಗರಣೆಗೆ ಬೀಳುತ್ತದೆ, ಇಲ್ಲವೇ ಮಸಾಲೆಯೊಳಗೆ ಅರೆದು ಹೋಗುತ್ತದೆ. ಅದರ ಹಸಿ ಖಾರ ನಾಲಿಗೆಗೆ ನೇರವಾಗಿ ಸಿಗುವುದು ರಂಜಕದಂಥ ಕೆಲವೇ ಚಟ್ನಿಗಳಲ್ಲಿ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರು ಹಸಿ ಬೆಳ್ಳುಳ್ಳಿಗೆ ಎಣ್ಣೆ, ಉಪ್ಪು ಸೇರಿಸಿ ಬೆಣ್ಣೆಯಷ್ಟು ನುಣ್ಣಗೆ ಮಾಡಿಕೊಂಡು ತಿನ್ನುತ್ತಾರೆ. ಅಂಥ ಮೂರನ್ನು ಒಂದೇ ತಿಂಗಳಲ್ಲಿ ಮಾಡಿ ನೋಡಿದೆ. ಮೂರಕ್ಕೂ ಮೊಟ್ಟೆ ಬೇಡ, ಒಲೆಯ ಕೆಲಸವೂ ಹೆಚ್ಚಿಲ್ಲ.

ಮೊದಲು ಕೈಹಾಕಿದ್ದು ಸ್ಪೇನಿನ ಕ್ಯಾಟಲೋನಿಯಾದ ಅಲಿಯೋಲಿಗೆ. ಅವರ ಭಾಷೆಯಲ್ಲಿ ಹೆಸರಿನ ಅರ್ಥವೇ ‘ಬೆಳ್ಳುಳ್ಳಿ ಮತ್ತು ಎಣ್ಣೆ’. ಹಳೆಯ ಪದ್ಧತಿಯಲ್ಲಿ ಇವೆರಡು ಮತ್ತು ಉಪ್ಪು, ಅಷ್ಟೇ. ಪಕ್ಕದ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಇದಕ್ಕೆ ಮೊಟ್ಟೆಯ ಹಳದಿ ಸೇರಿಸುತ್ತಾರೆ, ಹಾಗಾಗಿ ಅಲ್ಲಿ ಕೆಲಸ ಸುಲಭ. ನಾನು ಆರು ಎಸಳು ಸುಲಿದು, ಉಪ್ಪು ಹಾಕಿ ಕುಟ್ಟಾಣಿಯಲ್ಲಿ ಜಜ್ಜಿದೆ. ಒಂದು ಚೂರೂ ಉಳಿಯದೆ ಅಂಟಂಟಾಗಬೇಕು. ಆಮೇಲೆ ಆಲಿವ್ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದೆ. ಹತ್ತು ನಿಮಿಷಕ್ಕೆ ಹೊಳಪು ಬಂತು, ಗುಂಡುಕಲ್ಲಿಗೆ ಹಿಡಿದುಕೊಳ್ಳುವಷ್ಟು ಗಟ್ಟಿಯೂ ಆಯಿತು. ಸಾಕು ಅಂತ ಒಂದು ಚಮಚ ಎಣ್ಣೆ ಒಟ್ಟಿಗೆ ಸುರಿದೆ. ಕಣ್ಣೆದುರೇ ಒಡೆದು, ಎಣ್ಣೆಯೇ ಬೇರೆ, ಬೆಳ್ಳುಳ್ಳಿಯೇ ಬೇರೆ ಆಯಿತು. ಎರಡನೇ ಸಲ ಕೊನೆಯವರೆಗೂ ಹನಿಯಲ್ಲೇ ಬಿಟ್ಟೆ, ನಿಂತಿತು. ರುಚಿ? ಮೂರರಲ್ಲಿ ಇದೇ ಎಲ್ಲಕ್ಕಿಂತ ಖಾರ. ಕಡಲೆಕಾಳಿನಷ್ಟು ಸಾಕು, ಸುಟ್ಟ ಆಲೂಗಡ್ಡೆಗೆ ಇದಕ್ಕಿಂತ ಒಳ್ಳೆ ಜೊತೆ ನಾನು ತಿಂದಿಲ್ಲ.

ತೂಮ್ ಲೆಬನಾನ್ ಕಡೆಯದು. ಅರಬ್ಬಿಯಲ್ಲಿ ತೂಮ್ ಅಂದರೆ ಬೆಳ್ಳುಳ್ಳಿ. ಅಲ್ಲಿ ಸುಟ್ಟ ಕೋಳಿಯ ಜೊತೆ ಇದು ಇರಲೇಬೇಕು. 100 ಗ್ರಾಂ ಸುಲಿದ ಬೆಳ್ಳುಳ್ಳಿ, ಒಂದು ಚಮಚ ಉಪ್ಪು, ಎರಡು ನಿಂಬೆಹಣ್ಣಿನ ರಸ, 300 ಮಿಲಿ ಸೂರ್ಯಕಾಂತಿ ಎಣ್ಣೆ. ಇದಕ್ಕೆ ಆಲಿವ್ ಎಣ್ಣೆ ಬೇಡ, ಮಿಕ್ಸಿಯ ವೇಗಕ್ಕೆ ಕಹಿಯಾಗುತ್ತದೆ. ಎಸಳಿನೊಳಗೆ ಹಸಿರು ಮೊಳಕೆ ಇದ್ದರೆ ತೆಗೆದುಬಿಡಿ, ಅದೂ ಕಹಿ. ಎಣ್ಣೆ ದಾರದ ಹಾಗೆ ಬಿಡುತ್ತಾ, ನಡುನಡುವೆ ನಿಂಬೆರಸ ಹಾಕುತ್ತಾ ಹೋದರೆ ಬೆಳ್ಳಗೆ ಉಬ್ಬಿ ನೊರೆಬೆಣ್ಣೆಯಂತಾಗುತ್ತದೆ.

ಇಲ್ಲಿ ಒಂದು ಪರೀಕ್ಷೆ ಮಾಡಿದೆ. ಒಂದು ಸಲ ಬೆಳ್ಳುಳ್ಳಿಯನ್ನು ಸುಮ್ನೆ ಅರೆದು, ಆಮೇಲೆ ನಿಂಬೆ ಹಾಕಿದೆ. ಇನ್ನೊಂದು ಸಲ ನಿಂಬೆರಸದ ಜೊತೆಗೇ ಅರೆದೆ. ಎರಡನೆಯದರ ಘಾಟು ಎಷ್ಟೋ ಕಡಿಮೆ! ಇಡೀ ಎಸಳಿಗೆ ಘಾಟಿಲ್ಲ, ಗಮನಿಸಿದ್ದೀರಿ ಅಲ್ವಾ? ಜಜ್ಜಿದಾಗ ಅಲಿಯಿನ್ ಎಂಬ ಅಂಶಕ್ಕೆ ಅಲಿನೇಸ್ ಎಂಬ ಕಿಣ್ವ ತಾಗಿ ಅಲಿಸಿನ್ ಹುಟ್ಟುತ್ತದೆ. ಆ ಘಾಟು ಅದರದೇ. ಹುಳಿ ಜಾಸ್ತಿ ಇದ್ದಲ್ಲಿ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಸಿ ಎಣ್ಣೆಗೆ ಇಡೀ ಎಸಳು ಹಾಕಿದಾಗ ಸಿಹಿಯಾಗುವುದಕ್ಕೂ ಇದೇ ಕಾರಣ, ಜಜ್ಜುವ ಮೊದಲೇ ಬಿಸಿಗೆ ಕಿಣ್ವ ಕೆಟ್ಟಿರುತ್ತದೆ.

ಗ್ರೀಸಿನ ಸ್ಕೊರ್ದಾಲಿಯಾ ಮೂರರಲ್ಲಿ ಸಾಧು. ಬೇಯಿಸಿದ ಆಲೂಗಡ್ಡೆ ಅಥವಾ ನೆನೆಸಿದ ಬ್ರೆಡ್ಡಿಗೆ ಜಜ್ಜಿದ ಬೆಳ್ಳುಳ್ಳಿ, ಆಲಿವ್ ಎಣ್ಣೆ, ವಿನೆಗರ್ ಬೆರೆಸುವುದು. ಮಾರ್ಚ್ 25ರ ಹಬ್ಬಕ್ಕೆ ಅವರು ಕರಿದ ಉಪ್ಪುಮೀನಿನ ಜೊತೆ ತಿನ್ನುತ್ತಾರೆ. ಆಲೂಗಡ್ಡೆಯನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ಗೋಂದಿನಂತಾಗುತ್ತದೆ. ಕೈಯಲ್ಲೇ ಹಿಸುಕಿ. ಒಡೆಯುವ ಭಯವಿಲ್ಲ, ಮಕ್ಕಳೂ ತಿಂದರು. ಆದರೆ ಬೆಳ್ಳುಳ್ಳಿಗಾಗಿಯೇ ಹುಡುಕಿ ಹೋದವರಿಗೆ ಸ್ವಲ್ಪ ಸಪ್ಪೆ.

ನನ್ನ ಆಯ್ಕೆ ತೂಮ್. ಜೋಳದ ರೊಟ್ಟಿಗೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದೆವು. ಆ ರಾತ್ರಿ ಪಲ್ಯದ ಕಡೆ ಯಾರೂ ನೋಡಲಿಲ್ಲ. ಸ್ಕೊರ್ದಾಲಿಯಾ ನೆಂಟರು ಬಂದಾಗ ಮಾಡುತ್ತೇನೆ. ಅಲಿಯೋಲಿಗೆ ಬಿಡುವಿರುವ ಭಾನುವಾರ ಬೇಕು.

ಯಾವುದನ್ನು ಮಾಡಿದರೂ ಫ್ರಿಜ್‌ನಲ್ಲೇ ಇಡಿ, ಸ್ವಲ್ಪವೇ ಮಾಡಿ, ಬೇಗ ಮುಗಿಸಿ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿ ಹೊರಗೇ ಉಳಿದರೆ, ಗಾಳಿಯಿಲ್ಲದ ಕಡೆ ಬೆಳೆಯುವ ಬಾಟುಲಿಸಂ ರೋಗಾಣು ಅದರಲ್ಲಿ ವಿಷ ಮಾಡಬಹುದು. ಮೂಸಿ ನೋಡಿದರೂ ಅದು ಗೊತ್ತಾಗುವುದಿಲ್ಲ.